ಎಡೆ ಇಡೋದು ಯಾರು?

ಧರ್ಮ ಯಾವುದು ಅಂತ ಸಮೀಕ್ಷೆಗೆ ಬಂದ ಟೀಚರ್ ಕೇಳಿದರು. ನಾನು ಸ್ವಲ್ಪ ತಡವರಿಸಿದೆ. ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮನ ದನಿ ಬಂತು.

"ಹಿಂದೂ ಅಂತ ಬರ್ಕೊಳ್ಳಿ ಮೇಡಂ. ಇವನು ಬೌದ್ಧ ಆಗ್ತಾನಂತೆ. ಆಗ್ಲಿ, ಅವರಪ್ಪನಿಗೆ ಎಡೆ ಇಡೋದು ಯಾರು ಅಂತ ನೀವೇ ಕೇಳಿ."

ಪಾಪ, ಟೀಚರಮ್ಮ ಬೆಳಿಗ್ಗೆಯಿಂದ ಹಾಸನದ ಬಿಸಿಲಲ್ಲಿ ಮನೆ ಮನೆ ತಿರುಗಿ ಸುಸ್ತಾಗಿದ್ದರು. "ಮುಂದಿನ ಪ್ರಶ್ನೆಗೆ ಹೋಗ್ಲಾ ಸಾರ್?" ಅಂದರು. ಹಿಂದೂ ಅಂತಲೇ ಬರೆಸಿದೆ. ಭಾನುವಾರ ತಾನೇ ಮಹಾಲಯ ಅಮಾವಾಸ್ಯೆಗೆ ಅಪ್ಪನ ಫೋಟೊ ಮುಂದೆ ಬಾಳೆಲೆ ಹಾಸಿದ್ದೆ. ಮುದ್ದೆ, ಬೋಟಿ ಗೊಜ್ಜು, ಅವರು ಸೇದುತ್ತಿದ್ದ ಬೀಡಿ ಕಟ್ಟು, ಪಕ್ಕದಲ್ಲಿ ಒಂದು ಕ್ವಾರ್ಟರ್ ಬಾಟಲಿ. ಧೂಪ ಹಾಕಿ ಕೈ ಮುಗಿದವನೂ ನಾನೇ. ಮತ್ತೇರಿಸೋದನ್ನು ಮುಟ್ಟಬಾರದು ಅನ್ನೋ ಬೌದ್ಧರ ಐದನೇ ಶೀಲ ಅಲ್ಲಿಗೇ ಹೋಯ್ತು ಅನ್ನಿ.

ಎಲ್ಲರ ಹಾಗೆ ನಾನೂ ಬೈಲಕುಪ್ಪೆಗೆ ಹೋಗಿದ್ದು ಫೋಟೊ ತೆಗೆಸಿಕೊಂಡು ಮೋಮೋ ತಿನ್ನೋಕೆ. ಓದು ಶುರುವಾಗಿದ್ದು ಆಮೇಲೆ. ಬೌದ್ಧ ಆಗೋಕೆ ಬುದ್ಧ, ಧಮ್ಮ, ಸಂಘಕ್ಕೆ ಶರಣು ಅನ್ನಬೇಕು, ಪಂಚಶೀಲ ಒಪ್ಪಬೇಕು. ಕೊಲ್ಲಲ್ಲ, ಕದಿಯಲ್ಲ, ಕಾಮದಲ್ಲಿ ದಾರಿ ತಪ್ಪಲ್ಲ, ಸುಳ್ಳು ಹೇಳಲ್ಲ, ಮತ್ತೇರಿಸೋದನ್ನು ಮುಟ್ಟಲ್ಲ. ಇಷ್ಟೇನಾ ಅನ್ನಿಸಿತ್ತು. ಬೆಂಗಳೂರಿನ ಗೆಳೆಯನೊಬ್ಬ ವಿಪಸ್ಸನ ಧ್ಯಾನ ಶಿಬಿರಕ್ಕೆ ಹೋಗಿಬಂದ. ಹತ್ತು ದಿನ ಬಾಯಿ ಮುಚ್ಚಿದ್ದನ್ನು ಈಗ ಬಡ್ಡಿ ಸಮೇತ ವಸೂಲಿ ಮಾಡ್ತಿದ್ದಾನೆ. "ಧರ್ಮಗಿರ್ಮ ಬಿಡು, ಸುಮ್ನೆ ಉಸಿರು ನೋಡು" ಅಂತಾನೆ. ಅವನಿಗೆ ಎಡೆ ಇಡೋ ಅಮ್ಮ ಇಲ್ಲ, ಇರಲಿ.

ಆದರೆ ಅಮ್ಮನ ಪ್ರಶ್ನೆ ತಲೆಯಿಂದ ಹೋಗಲೊಲ್ಲದು. ಮಹಾರಾಜ ಪಾರ್ಕಿನಲ್ಲಿ ಬೆಳಿಗ್ಗೆ ವಾಕಿಂಗ್‌ಗೆ ಸಿಗುವ ನಿವೃತ್ತ ಮೇಷ್ಟ್ರಿಗೆ ಹೇಳಿದೆ. ಅವರು ಯಾವತ್ತೋ ಬೌದ್ಧ ದೀಕ್ಷೆ ತಗೊಂಡವರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಬೌದ್ಧರಾದ ಮೇಲೆ ತಮ್ಮ ಜನರಿಗೆ ಹೇಳಿಕೊಟ್ಟ 22 ಪ್ರತಿಜ್ಞೆಗಳು ಅವರಿಗೆ ಬಾಯಿಪಾಠ. ನಗ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ.

"ಶ್ರಾದ್ಧ ಮಾಡಲ್ಲ, ಪಿಂಡ ಇಡಲ್ಲ ಅನ್ನೋದೂ ಅದರಲ್ಲಿದೆ. ಆವತ್ತು ನಮ್ಮವ್ವನೂ ಇದನ್ನೇ ಕೇಳಿದ್ಲು ಕಣ್ರೀ."

"ನೀವೇನಂದ್ರಿ ಸಾರ್?"

"ನಮ್ಮಪ್ಪನ್ನ ಊರ ದೇವಸ್ಥಾನದ ಮೆಟ್ಟಿಲು ಹತ್ತೋಕೆ ಬಿಡ್ತಿರಲಿಲ್ಲ. ಬಿಟ್ಟುಬರೋಕೆ ನನಗೇನಿತ್ತು ಹೇಳಿ? ನಿಮಗಾದ್ರೆ ಬಿಡೋದು ಜಾಸ್ತಿ ಇದೆ."

ಬಗ್ಗಿ ಷೂ ಲೇಸ್ ಕಟ್ಟಿಕೊಳ್ಳುತ್ತಾ ಹೇಳಿದರು. ಕೊಂಕಿರಲಿಲ್ಲ. ಇದ್ದಿದ್ದರೆ ವಾದ ಮಾಡಬಹುದಿತ್ತು.

ನನಗೆ ಬುದ್ಧ ಬೇಕಾಗಿದ್ದು ನೆಮ್ಮದಿಗೆ. ನಿಜ ಹೇಳಬೇಕಂದ್ರೆ ಅರ್ಧ ಬಿಪಿಗೆ. ಒಕ್ಕಲಿಗರ ಮನೆಯವನು, ಯಾವ ಗುಡಿ ಬಾಗಿಲಲ್ಲೂ ನನ್ನನ್ನು ತಡೆದವರಿಲ್ಲ. ಧರ್ಮದ ಕಾಲಂನಲ್ಲಿ ಏನು ಬರೆಸಿದರೂ ನಾನು ಕಳೆದುಕೊಳ್ಳೋದು ಅಷ್ಟೇನೂ ಇಲ್ಲ ಅನ್ನಿಸುತ್ತೆ. ಮೇಷ್ಟ್ರ ಕಡೆಯವರಿಗೆ ಹಾಗಲ್ಲ, ಬೌದ್ಧ ಅಂದರೆ ಕೇಂದ್ರದ ಮೀಸಲಾತಿ ಕೈತಪ್ಪುತ್ತಿತ್ತು. ಬೌದ್ಧರಾದ ದಲಿತರನ್ನು ಕೇಂದ್ರದ ಪರಿಶಿಷ್ಟ ಜಾತಿ ಪಟ್ಟಿಗೆ ಸೇರಿಸಿದ್ದೇ 1990ರಲ್ಲಿ. ನಾಗಪುರದಲ್ಲಿ ಶರಣು ಅಂದವರ ಮಕ್ಕಳು ಅಷ್ಟು ಹೊತ್ತಿಗೆ ಮಧ್ಯವಯಸ್ಸಿಗೆ ಬಂದಿದ್ದರು. ಕುತೂಹಲಕ್ಕೆ ಯಾರಾದರೂ ಇಷ್ಟು ಬೆಲೆ ಕೊಡ್ತಾರಾ? ಮೇಷ್ಟ್ರು ದಾಟಿಬಂದ ಬಾಗಿಲು ನಾನು ಬಗ್ಗಿ ನೋಡ್ತಿರೋ ಕಿಟಕಿಯೇ ಅಲ್ಲ.

ರಾತ್ರಿ 'ಸಿಗಾಲೋವಾದ ಸುತ್ತ' ಅನ್ನೋ ಬುದ್ಧನ ಉಪದೇಶ ತೆಗೆದೆ. ಸಂಸಾರಸ್ಥರಿಗೆ ಅಂತಲೇ ಬುದ್ಧ ಹೇಳಿದ ಮಾತುಗಳು ಅದರಲ್ಲಿವೆ. ತೀರಿಹೋದ ತಂದೆತಾಯಿ ಹೆಸರಲ್ಲಿ ದಾನ ಕೊಡೋದು ಮಗನ ಕೆಲಸ ಅಂತಲೂ ಇದೆ. ಶ್ರೀಲಂಕಾದಲ್ಲಿ ಇವತ್ತಿಗೂ ಸತ್ತವರ ಹೆಸರಲ್ಲಿ ಭಿಕ್ಷುಗಳಿಗೆ ಊಟ ಹಾಕ್ತಾರೆ. ಅತ್ತ ಮೇಷ್ಟ್ರ ಪ್ರತಿಜ್ಞೆ, ಇತ್ತ ಈ ಸುತ್ತ. ಎರಡೂ ಸರಿ ಅನ್ನಿಸುತ್ತೆ, ತೊಂದರೆ ಅದೇ. ಅಮ್ಮನಿಗೆ ಓದಿ ಹೇಳಿದೆ.

"ಭಿಕ್ಷುಗಳು ಬೋಟಿ ತಿಂತಾರಾ?" ಅಂದಳು.

"ಎಲ್ಲ ಕಡೆ ಒಂದೇ ಥರ ಇಲ್ಲಮ್ಮ. ತಮಗೋಸ್ಕರ ಕಡಿದದ್ದಲ್ಲ ಅಂದ್ರೆ ತಿನ್ನಬಹುದು ಅಂತ ಹಳೇ ನಿಯಮ ಇದೆ."

"ಹಂಗಾದ್ರೆ ಅಂಗಡಿದು ಆಗುತ್ತೆ ಅನ್ನು. ಆದ್ರೂ ಅವರ್ಯಾರೋ ತಿಂದ್ರೆ ನಿಮ್ಮಪ್ಪನ ಹೊಟ್ಟೆ ತುಂಬುತ್ತಾ? ಇನ್ನೊಂದ್ಸಲ ಸರಿಯಾಗಿ ಓದು."