ಮಳೆ ಪುಸ್ತಕ ಎಕ್ಸೆಲ್‌ಗೆ ಏರಿತು, ಈಗ ಹೂಮಳೆ ಲೆಕ್ಕ

ಕೊಡಗಿನ ಅಮ್ಮತ್ತಿ ಕಡೆಯ ಕಾಫಿ ತೋಟವೊಂದರ ಹಳೇ ಮಳೆ ಪುಸ್ತಕಗಳನ್ನು ಎಕ್ಸೆಲ್‌ಗೆ ಏರಿಸುವ ಕೆಲಸ ಅಂತೂ ಮುಗಿಯಿತು. ಕೊಡಗಿನವರಿಗೆ ಹೇಳಬೇಕಾಗಿಲ್ಲ, ತೋಟದಲ್ಲಿ ಮಳೆ ಅಂದರೆ ಇಂಚು, ಸೆಂಟು. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿ.ಮೀ. ಹವಾಮಾನ ಇಲಾಖೆ 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬಿದ್ದರಷ್ಟೇ ಮಳೆ ದಿನ ಅನ್ನುತ್ತದೆ. ಅದು ಹೆಚ್ಚುಕಮ್ಮಿ ನಮ್ಮ 10 ಸೆಂಟು. ಎರಡನ್ನೂ ಹೊಂದಿಸುವುದು ಸಲೀಸಾಯಿತು.

ತಲೆ ತಿಂದದ್ದು ಖಾಲಿ ಜಾಗಗಳು. ಒಬ್ಬ ರೈಟರ್ (ತೋಟದ ಲೆಕ್ಕ ಬರೆಯುವವರು) ಮಳೆ ಇಲ್ಲದ ದಿನ ಸೊನ್ನೆ ಬರೆಯುತ್ತಿದ್ದರು. ಆಮೇಲೆ ಬಂದವರು ಸುಮ್ನೆ ಖಾಲಿ ಬಿಟ್ಟರು. ಫೆಬ್ರವರಿಯಲ್ಲಿ ಖಾಲಿ ಇದ್ದರೆ ಮಳೆ ಇಲ್ಲ ಅಂತ ಹಿಡಿಯಬಹುದು. ಜುಲೈಯಲ್ಲಿ ಮೂರು ದಿನ ಖಾಲಿ ಇದ್ದು ನಾಲ್ಕನೇ ದಿನ ದಪ್ಪ ಅಂಕಿ ಇದ್ದರೆ? ಎಲ್ಲವನ್ನೂ ಒಟ್ಟಿಗೆ ಅಳೆದಿದ್ದಾರೆ, ಅಷ್ಟೇ. ಅಂಥವನ್ನು ತಿಂಗಳ ಮೊತ್ತಕ್ಕೆ ಸೇರಿಸಿ, ಮಳೆ ದಿನಗಳ ಎಣಿಕೆಯಿಂದ ಬಿಟ್ಟೆ. ಕಕ್ಕಡ ತಿಂಗಳ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಜಡಿಮಳೆ ಕಾಲ) ಪುಟಗಳಿಗಂತೂ ಬೂಸ್ಟು ಹಿಡಿದು ಶಾಯಿ ಹರಡಿದೆ. 3 ಯಾವುದು 8 ಯಾವುದು ತಿಳಿಯದ ಕಡೆ ಪುಟದಡಿಯ ಮೊತ್ತದಿಂದ ಕಳೆದು ನೋಡಿದೆ.

ಇನ್ನು ಬರ. ವರ್ಷದ ಮೊತ್ತ ನೋಡಿದರೆ ನಮ್ಮಲ್ಲಿ ಬರವೇ ಇಲ್ಲ ಅನ್ನಿಸುತ್ತದೆ. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಅಜಗಜಾಂತರ, ಹಾಗಾಗಿ ಜಿಲ್ಲೆಯ ಸರಾಸರಿ ಯಾರ ತೋಟಕ್ಕೂ ಹೊಂದುವುದಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿಯುವಷ್ಟು ಸುರಿಯಿತು. ಅಂಥ ಒಂದು ತಿಂಗಳು ಬಂದರೆ ವರ್ಷದ ಒಣ ವಾರಗಳೆಲ್ಲ ಮೊತ್ತದಲ್ಲಿ ಮುಚ್ಚಿಹೋಗುತ್ತವೆ. 2023 ಬೇರೆ ಥರ. ದೇಶಕ್ಕೇ 1901ರಿಂದೀಚೆಗಿನ ಅತಿ ಒಣ ಆಗಸ್ಟ್ ಅದು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರದ ಪಟ್ಟಿಗೆ ಸೇರಿದವು. ಅಂಥ ಬರ ಯಾರಿಗಾದರೂ ಕಾಣುತ್ತದೆ.

ರೊಬಸ್ಟಾ ಕಾಫಿ ಬೆಳೆಗಾರನ ಬರ ಇರುವುದು ಫೆಬ್ರವರಿ, ಮಾರ್ಚಿನಲ್ಲಿ. ಮೊಗ್ಗು ಬಲಿತು ಕಾಯುತ್ತಿರುವಾಗ ಇಂಚಿನಷ್ಟು ಹೂಮಳೆ ಬೀಳಬೇಕು. ವಾರ, ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಆಮೇಲೆ ಎರಡು ಮೂರು ವಾರದೊಳಗೆ ಬ್ಯಾಕಿಂಗ್ ಮಳೆ ಬರಬೇಕು, ಇಲ್ಲದಿದ್ದರೆ ಕಾಯಿ ನಿಲ್ಲುವುದಿಲ್ಲ. ಹನಿ ಉದುರಿಸಿ ಹೋದರೆ ಇನ್ನೂ ಕಷ್ಟ ಅಲ್ವಾ, ಮೊಗ್ಗು ಅತ್ತ ಅರಳದೆ ಇತ್ತ ಉಳಿಯದೆ ಹೋಗುತ್ತದೆ.

ಮೊದಲು ಎಸ್‌ಪಿಐ ಸೂಚ್ಯಂಕ (ಮಳೆ ವಾಡಿಕೆಗಿಂತ ಎಷ್ಟು ಹೆಚ್ಚು, ಎಷ್ಟು ಕಮ್ಮಿ ಅಂತ ಅಳೆಯುವ ಅಂಕಿ) ಹಾಕಿ ನೋಡಿದೆ. ಅದಕ್ಕೆ ಕನಿಷ್ಠ 30 ವರ್ಷದ ಲೆಕ್ಕ ಬೇಕು, ಅದು ಇದೆ. ಆದರೆ ಜನವರಿ, ಫೆಬ್ರವರಿಯಲ್ಲಿ ಸೊನ್ನೆಗಳೇ ಜಾಸ್ತಿ. ಅದು ಬಳಸುವ ಗಾಮಾ ಸೂತ್ರಕ್ಕೆ ಸೊನ್ನೆ ಆಗಿಬರುವುದಿಲ್ಲ, ಸೊನ್ನೆಗಳನ್ನು ಬೇರೆಯಾಗಿ ಸೇರಿಸಬೇಕು. ಸೇರಿಸಿದರೂ ಒಣ ತಿಂಗಳಲ್ಲಿ ಬರುವ ಅಂಕಿಗೆ ಅರ್ಥ ಕಮ್ಮಿ. ಹಾಗಾಗಿ ಎರಡೇ ಕಾಲಂ ಮಾಡಿದೆ: ಮೊದಲ ಹೂಮಳೆ ಬಿದ್ದ ದಿನ, ಬ್ಯಾಕಿಂಗ್‌ಗೆ ಕಾದ ದಿನಗಳು. 21 ದಿನ ದಾಟಿದ್ದಕ್ಕೆ ಕೆಂಪು ಹಚ್ಚಿದೆ. ಒಟ್ಟು ಮಳೆ ಭರ್ಜರಿಯಾಗಿದ್ದ ಕೆಲವು ವರ್ಷಗಳೂ ಕೆಂಪಾದವು! ಆ ಪುಟಗಳ ಅಂಚಿನಲ್ಲಿ ರೈಟರ್ ಕೈಬರಹವೂ ಇದೆ: ‘ಸ್ಪ್ರಿಂಕ್ಲರ್ ಶುರು’, ‘ಕೆರೆ ತಳ’. ಸೂಚ್ಯಂಕಕ್ಕಿಂತ ಈ ಟಿಪ್ಪಣಿಗಳ ಮೇಲೆ ನನಗೆ ನಂಬಿಕೆ ಜಾಸ್ತಿ.

ಒಂದು ಅನುಮಾನ ಉಳಿದಿದೆ. ಮಳೆ ಮಾಪಕ ಕಣದ ಮೂಲೆಯಲ್ಲಿದೆ, ಪಕ್ಕದಲ್ಲೇ ಸಿಲ್ವರ್ ಓಕ್. ಮರದ ಎತ್ತರದ ಎರಡರಷ್ಟು ದೂರವಾದರೂ ಇರಬೇಕಿತ್ತು. ಮರ ಬೆಳೆದ ಹಾಗೆ ಮಳೆ ಕಮ್ಮಿಯಾದಂತೆ ಕಂಡರೆ ತಪ್ಪು ಮೋಡದ್ದಲ್ಲ. ಇದನ್ನು ಹಿಡಿಯಲು ಅಕ್ಕಪಕ್ಕದ ಇನ್ನೊಂದು ತೋಟದ ಲೆಕ್ಕದ ಜೊತೆ ವರ್ಷವರ್ಷಕ್ಕೂ ಕೂಡಿಸುತ್ತಾ ಹೋಲಿಸಬೇಕು. ಪಕ್ಕದ ತೋಟದವರು ಪುಸ್ತಕ ಕೊಡ್ತೀನಿ ಅಂದಿದ್ದಾರೆ, ಕಾಫಿ ಕೊಯ್ಲು ಮುಗಿದ ಮೇಲೆ.