ಪ್ಲಾನ್‌ನಲ್ಲಿ ಗುಡ್ಡವೇ ಇರಲಿಲ್ಲ

ಮಡಿಕೇರಿಯಲ್ಲಿ ನಾವು ಮನೆ ಕಟ್ಟಿದಾಗ ಎಂಜಿನಿಯರ್ ಕೊಟ್ಟ ಪ್ಲಾನ್ ಇನ್ನೂ ಬೀರುವಿನಲ್ಲಿದೆ. ಹಾಲ್, ಅಡುಗೆಮನೆ, ಎರಡು ರೂಮು, ಎಲ್ಲದಕ್ಕೂ ಅಳತೆ ಇದೆ. ಜಾಗ ಇಳಿಜಾರು ಅನ್ನೋದು ಮಾತ್ರ ಅದರಲ್ಲಿ ಎಲ್ಲೂ ಇಲ್ಲ. ಆ ಪ್ಲಾನ್‌ಗೆ ತಕ್ಕಂತೆ ಜೆಸಿಬಿ ತರಿಸಿ ಗುಡ್ಡ ಕಡಿಸಿದೆವು, ಮನೆ ಹಿಂದೆ ಎರಡಾಳೆತ್ತರದ ಬರೆ, ಅಂದರೆ ಕಡಿದ ಮಣ್ಣಿನ ಗೋಡೆ, ನಿಂತಿತು, ಅದೇ ವರ್ಷ ಕಕ್ಕಡದ (ಜುಲೈ-ಆಗಸ್ಟ್‌ನ) ಮಳೆಗೆ ಅದು ಜಾರಿ ಅಡುಗೆಮನೆ ಬಾಗಿಲವರೆಗೂ ಮಣ್ಣು ಬಂತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಮ್ಮ ಆ ಮಳೆಗಾಲ ಪೂರ್ತಿ ಸರಿಯಾಗಿ ಮಲಗಲಿಲ್ಲ.

ಆಮೇಲಿಂದ ನನಗೆ ಊರು ಕಟ್ಟಿದವರ ಕಥೆ ಓದುವ ಹುಚ್ಚು. ಅದರಲ್ಲೂ ರಾಜಧಾನಿಗಳದ್ದು.

ಜಾಸ್ತಿ ಇಷ್ಟವಾದದ್ದು ಆಸ್ಟ್ರೇಲಿಯಾದ ಕ್ಯಾನ್‌ಬೆರಾ. ಅದರ ನಕ್ಷೆಗಾಗಿ ನಡೆದ ಸ್ಪರ್ಧೆಯನ್ನು 1912ರಲ್ಲಿ ಗೆದ್ದವರು ಶಿಕಾಗೋದ ವಾಸ್ತುಶಿಲ್ಪಿ ವಾಲ್ಟರ್ ಬರ್ಲಿ ಗ್ರಿಫಿನ್. ಚಿತ್ರಗಳನ್ನು ಬಟ್ಟೆಯ ಮೇಲೆ ಬರೆದವರು ಅವರ ಹೆಂಡತಿ ಮೇರಿಯನ್ ಮಹೋನಿ. ಇಬ್ಬರೂ ಆಗ ಆ ಜಾಗ ನೋಡೇ ಇರಲಿಲ್ಲ! ಅವರ ಮುಂದೆ ಇದ್ದದ್ದು ಕಂಟೂರ್ ನಕ್ಷೆ, ಅಂದರೆ ನೆಲ ಎಲ್ಲಿ ಏರುತ್ತೆ, ಎಲ್ಲಿ ಇಳಿಯುತ್ತೆ ಅಂತ ಗೆರೆಯಲ್ಲಿ ತೋರಿಸುವ ನಕ್ಷೆ. ಅವರು ಬೆಟ್ಟದಿಂದ ಬೆಟ್ಟಕ್ಕೆ ಒಂದು ನೇರ ಗೆರೆ ಎಳೆದರು, ಅದಕ್ಕೆ ಅಡ್ಡವಾಗಿ ಮೊಲಾಂಗ್ಲೋ ನದಿಯ ತಗ್ಗಿನಲ್ಲಿ ಕೆರೆ ಇಟ್ಟರು, ರಸ್ತೆಗಳನ್ನು ಇವೆರಡಕ್ಕೆ ಹೊಂದಿಸಿದರು. ಊರ ಸುತ್ತಲಿನ ಗುಡ್ಡಗಳ ಮೇಲೆ ಇವತ್ತಿಗೂ ಮನೆ ಕಟ್ಟಲು ಬಿಡುವುದಿಲ್ಲ. ಆ ಕೆರೆ ತುಂಬಿದ್ದು 1964ರಲ್ಲಿ. ಗ್ರಿಫಿನ್ 1937ರಲ್ಲೇ ನಮ್ಮ ಲಖನೌದಲ್ಲಿ ತೀರಿಹೋಗಿದ್ದರು, ಸಮಾಧಿಯೂ ಅಲ್ಲೇ ಇದೆ. ಅದನ್ನು ಓದಿದ ದಿನ ತುಂಬಾ ಬೇಜಾರಾಯಿತು.

ಇಳಿಜಾರು ದೊಡ್ಡವರಿಗೂ ಕೈಕೊಟ್ಟಿದೆ. ನವದೆಹಲಿಯ ರೈಸಿನಾ ಗುಡ್ಡದ ಮೇಲೆ ಬ್ರಿಟಿಷ್ ವಾಸ್ತುಶಿಲ್ಪಿ ಲುಟ್ಯೆನ್ಸ್ ವೈಸರಾಯ್ ಅರಮನೆ ಕಟ್ಟಿದರು, ಅದೇ ಈಗಿನ ರಾಷ್ಟ್ರಪತಿ ಭವನ. ಅದರ ಮುಂದೆ ಸಚಿವಾಲಯ ಕಟ್ಟಿದವರು ಇನ್ನೊಬ್ಬ ವಾಸ್ತುಶಿಲ್ಪಿ ಬೇಕರ್. ನಡುವಿನ ರಸ್ತೆಯ ಏರು ಎಷ್ಟಿರಬೇಕು ಅಂತ ಇಬ್ಬರೂ ಒಪ್ಪಿದ್ದರು. ಕೆಲಸ ಶುರುವಾದ ಮೇಲೆ ಲುಟ್ಯೆನ್ಸ್‌ಗೆ ಗೊತ್ತಾಯಿತು, ಗುಡ್ಡದ ಬುಡಕ್ಕೆ ಬಂದರೆ ಅರಮನೆ ಆ ಏರಿನ ಹಿಂದೆ ಮರೆಯಾಗುತ್ತೆ! ವರ್ಷಗಟ್ಟಲೆ ಜಗಳವಾಡಿದರೂ ಏರು ಬದಲಾಗಲಿಲ್ಲ. 1960ರಲ್ಲಿ ಉದ್ಘಾಟನೆಯಾದ ಬ್ರೆಜಿಲ್‌ನ ಬ್ರೆಸಿಲಿಯಾ ಬಯಲು ಸೀಮೆ, ಅದರಿಂದ ನಾವು ಕಲಿಯೋದು ಕಡಿಮೆ.

ನಮ್ಮ ಮಡಿಕೇರಿಯೂ ರಾಜಧಾನಿಯೇ ಅಲ್ವಾ? 1681ರಲ್ಲಿ ಮುದ್ದುರಾಜ ಕಟ್ಟಿದ ಊರು, 1956ರವರೆಗೆ ಕೊಡಗು ರಾಜ್ಯದ ರಾಜಧಾನಿ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಹೇಗೆ ಕುಸಿದವು ಅಂತ ಇಲ್ಲಿ ಯಾರಿಗೂ ಹೇಳಬೇಕಿಲ್ಲ. ಇಷ್ಟಾದರೂ ಇಲ್ಲಿ ಮನೆಯ ಮಾತು ಸೈಟಿನ ಉದ್ದ ಅಗಲದಿಂದಲೇ ಶುರುವಾಗುತ್ತೆ. ಇಳಿಜಾರು ಎಷ್ಟು, ನೀರು ಯಾವ ಕಡೆ ಹರಿಯುತ್ತೆ ಅಂತ ಕೇಳುವವರು ಕಡಿಮೆ.

ಈ ವರ್ಷ ನನ್ನ ತಮ್ಮ ಮನೆ ಕಟ್ಟುತ್ತಿದ್ದಾನೆ. ಬರೋ ವಾರ ಸರ್ವೆಯವರು ಬರ್ತಾರೆ. ಮೊದಲು ಕಂಟೂರ್ ನಕ್ಷೆ ಮಾಡಿಸು, ಮಳೆನೀರಿನ ದಾರಿ ಗುರುತು ಹಾಕಿಸು, ರೂಮು ಎಷ್ಟು ಅನ್ನೋದು ಆಮೇಲೆ ನೋಡೋಣ ಅಂದಿದ್ದೇನೆ. ಅವನು ಒಪ್ಪಿದ್ದಾನೆ. ಆ ದಿನ ಅಮ್ಮನೂ ಬರ್ತಾರಂತೆ.