ಎರಡು ಸಾಲಿನ ಮೇಲ್

"ವರದಿ ಲಗತ್ತಿಸಿದ್ದೇನೆ. ದಯವಿಟ್ಟು ನೋಡಿ." ಮ್ಯಾನೇಜರಿಗೆ ಬರೆದದ್ದು ಇಷ್ಟೇ ಮೇಲ್. ಕಳಿಸುವ ಮುಂಚೆ 11 ಸಲ ಓದಿದ್ದೆ. 'ದಯವಿಟ್ಟು' ಇದ್ದರೆ ವ್ಯಂಗ್ಯ ಅಂದುಕೊಳ್ಳುತ್ತಾರಾ, ತೆಗೆದರೆ ಸೊಕ್ಕು ಅಂತಾರಾ? ತೆಗೆದೆ. ಮತ್ತೆ ಹಾಕಿದೆ. ಆಗಲೇ ಆ ಕೆಲಸಕ್ಕೆ ಸೇರಿ 14 ವರ್ಷ ಆದವಳು ನಾನು.

ಆ ಮ್ಯಾನೇಜರ್ ಒಂದು ದಿನವೂ ಕೂಗಾಡಲಿಲ್ಲ. ಮೀಟಿಂಗಿನಲ್ಲಿ ನಾನು ಬಾಯಿ ತೆರೆದರೆ ಸುಮ್ನೆ ವಾಚ್ ನೋಡುತ್ತಿದ್ದರು. ಮುಗಿಸಿದ ಮೇಲೆ, "ಸರಿ, ಬೇರೆ ಯಾರಾದರೂ ಹೇಳ್ತೀರಾ?" ಆಮೇಲಾಮೇಲೆ ಮೀಟಿಂಗ್ ಇದೆ ಅನ್ನುವುದೇ ನನಗೆ ಗೊತ್ತಾಗುತ್ತಿರಲಿಲ್ಲ. ವಾಚ್ ನೋಡಿದ್ರು ಅಂತ ಯಾರ ಹತ್ತಿರ ದೂರು ಕೊಡೋದು? ನಾನೇ ಜಾಸ್ತಿ ಯೋಚಿಸ್ತಿದ್ದೀನಿ ಅಂದುಕೊಂಡೆ.

ದೇಹ ಹಾಗೆ ಅಂದುಕೊಳ್ಳಲಿಲ್ಲ. ಭಾನುವಾರ ಮಧ್ಯಾಹ್ನವೇ ಹೊಟ್ಟೆ ತೊಳಸುತ್ತಿತ್ತು. ರಾತ್ರಿ ಮೂರಕ್ಕೆ ಎಚ್ಚರ, ಎದೆ ಡವಡವ. ಅಪಾಯ ಬಂದಾಗ ಓಡಲಿಕ್ಕೆ ಅಂತ ದೇಹ ಕಾರ್ಟಿಸಾಲ್ ಅನ್ನುವ ಹಾರ್ಮೋನ್ ಸುರಿಸುತ್ತದೆ. ನಾನು ಓಡುವುದೆಲ್ಲಿಗೆ? ಕುರ್ಚಿಯಲ್ಲೇ ಕೂತಿರಬೇಕು. ನಿದ್ದೆ ಕೆಟ್ಟರೆ ಗಮನವೂ ಕೆಡುತ್ತದೆ. ಒಂದು ದಿನ ಹಳೆಯ ತಿಂಗಳ ಲೆಕ್ಕವನ್ನೇ ಹೊಸ ವರದಿಗೆ ಹಾಕಿಬಿಟ್ಟೆ. "ನಾನು ಹೇಳಲಿಲ್ವಾ?" ಅಂದರು, ಎಲ್ಲರ ಮುಂದೆ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಇದಕ್ಕೇ. ನನ್ನ ಕೈಯಲ್ಲಿ ಏನೂ ಆಗಲ್ಲ ಅಂತ ಅವರು ಹೇಳಿಕೊಂಡು ಬಂದಿದ್ದನ್ನು ಕೊನೆಗೆ ನಾನೇ ನಿಜ ಮಾಡಿ ತೋರಿಸಿದ್ದೆ!

ಆಪ್ತಸಮಾಲೋಚಕಿ ಹೇಳಿದ್ದು ಒಂದೇ: ಅವರು ಹೀಗೆ ಮಾಡಿದಾಗಲೆಲ್ಲ ತಾರೀಖು ಹಾಕಿ ಬರೆದಿಡಿ. ನೋಟ್‌ಬುಕ್ಕಿನ ಕೊನೆಯ ಪುಟದಿಂದ ಹಿಂದಕ್ಕೆ ಬರೆಯತೊಡಗಿದೆ, ಯಾರ ಕಣ್ಣಿಗೂ ಬೀಳದಿರಲಿ ಅಂತ. 31 ವಾರಕ್ಕೆ 44 ಸಾಲು ಆಯಿತು.

1980ರ ದಶಕದಲ್ಲಿ ಸ್ವೀಡನ್ನಿನಲ್ಲಿ ಕೆಲಸದ ಜಾಗದ ಕಿರುಕುಳವನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಹೈಂಜ್ ಲೇಮನ್, ಅದನ್ನು ಕಿರುಕುಳ ಅನ್ನಲಿಕ್ಕೆ ಒಂದು ಅಳತೆ ಇಟ್ಟಿದ್ದರು: ವಾರಕ್ಕೊಮ್ಮೆಯಾದರೂ ನಡೆಯಬೇಕು, ಆರು ತಿಂಗಳಾದರೂ ಮುಂದುವರಿಯಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2019ರ ಒಪ್ಪಂದದ ಪ್ರಕಾರ ಒಂದೇ ಸಲ ನಡೆದರೂ ಅದು ಕಿರುಕುಳ ಆಗಬಹುದು. ಇದನ್ನು ಓದಿದ ದಿನ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ದುಃಖಕ್ಕಲ್ಲ. ನಾನು ಕಲ್ಪಿಸಿಕೊಂಡಿದ್ದಲ್ಲ, ಅಲ್ವಾ!

ಕೆಲಸ ಬಿಟ್ಟೆ. ಬಿಟ್ಟರೆ ಮರುದಿನವೇ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹೊಸ ಕಡೆ ಸೇರಿ ಒಂದು ವರ್ಷವಾಯಿತು. ಮೊನ್ನೆ ಮ್ಯಾನೇಜರ್ ಮೆಸೇಜ್ ಮಾಡಿದರು: "ಒಂದು ನಿಮಿಷ ಬರ್ತೀರಾ?" ಕೈ ತಣ್ಣಗಾಯಿತು. ನೋಟ್‌ಬುಕ್ ಹಿಡಿದುಕೊಂಡೇ ಹೋದೆ.

ಅವರಿಗೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ತೆಗೆಯೋದು ಹೇಗೆ ಅಂತ ಗೊತ್ತಾಗಬೇಕಿತ್ತು.